ಡೊರೆಟ್ ನರ್ಸಮ್ಮನ ಶನಿವಾರಗಳು

ಆ ಶನಿವಾರ ಬೆಳಗಿನ ಐದೂವರೆಗೆಲ್ಲ ಡೊರೆಟ್ ಪಿನಕ್ ಮೌಂಟ್ ಪೇಷನ್ಸ್ ಶಾಲೆಯ ಗೇಟಿನ ಮುಂದೆ ಬಂದು ನಿಂತಿದ್ದಳು. ಗೇಟಿನ ಎರಡು ಕಂಬಗಳಿಗೆ ಬ್ಯಾನರು ಬಿಗಿದು ಕಟ್ಟಿದ್ದಳು. ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ, ಅದರ ತುಂಬ ಸರ್ಕಾರ ಕಳಿಸಿದ ನಲವತ್ತು ಎಳೆಹಸಿರು ಟೀ ಶರ್ಟುಗಳು. ಎದೆಯ ಮೇಲೆ ದೊಡ್ಡಕ್ಷರದಲ್ಲಿ ‘ಒಟ್ಟಿಗೆ ನಡೆಯೋಣ’ ಎಂಬ ಅಚ್ಚು. ನಲವತ್ತೊಂದನೆಯದನ್ನು ಅವಳೇ ತೊಟ್ಟಿದ್ದಳು. ಕೊರಳಲ್ಲಿ ಸೀಟಿ. ಆರಕ್ಕೆ ಸೀಟಿ ಊದಬೇಕು, ಬಂದವರ ಹೆಸರು ಬರೆದುಕೊಳ್ಳಬೇಕು, ಎಲ್ಲರನ್ನೂ ಕರೆದುಕೊಂಡು ನಡಿಗೆಗೆ ಹೊರಡಬೇಕು ಎಂದು ಆರೋಗ್ಯ ಇಲಾಖೆಯವರು ಪಟ್ಟಣದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆರಕ್ಕೆ ಊದಿದಳು. ಎಲ್ಲೋ ಒಂದು ನಾಯಿ ಬೊಗಳಿತು. ಆರೂಕಾಲಿಗೆ ಮತ್ತೊಮ್ಮೆ ಊದಿದಳು. ಈ ಸಲ ನಾಯಿಯೂ ಸುಮ್ಮನಿತ್ತು.

ಹಾಗಂತ ಊರೇನೂ ಮಲಗಿರಲಿಲ್ಲ. ಊರಿನಲ್ಲಿ ಅರ್ಧ ಜನ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಭೆಯವರು. ಶನಿವಾರ ಅವರಿಗೆ ದೇವರ ದಿನ, ಹಾಡು ಪ್ರಾರ್ಥನೆ ಬಿಟ್ಟು ಬೇರೆ ಯಾವುದಕ್ಕೂ ಕಾಲೆತ್ತುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಶುಕ್ರವಾರವೇ ಯಾಮ್ ಗೆಡ್ಡೆಯ ಮೂಟೆಗಳನ್ನು ಲಾರಿಗೆ ಹೇರಿಕೊಂಡು ಸಂತೆಗೆ ಹೋಗಿರುತ್ತಾರೆ. ತರಬೇತಿಯಲ್ಲೇ ಡೊರೆಟ್ ಕೈಯೆತ್ತಿ ಇದನ್ನು ಹೇಳಿದ್ದಳು. “ಇಡೀ ದ್ವೀಪಕ್ಕೇ ಶನಿವಾರ ಅಂತ ತೀರ್ಮಾನ ಆಗಿದೆ ಮಿಸ್ ಪಿನಕ್, ನಿಮ್ಮೊಂದು ಊರಿಗೋಸ್ಕರ ಬದಲಾಯ್ಸೋಕಾಗತ್ತಾ?” ಎಂದಿದ್ದ ಅಧಿಕಾರಿ ವಿಟ್ಟರ್. ಅವಳು ಕೈ ಇಳಿಸಿದ್ದಳು.

ಆರೂವರೆಗೆ ಅವಳು ಪೆಟ್ಟಿಗೆಯನ್ನು ಶಾಲೆಯ ಜಗಲಿಯಲ್ಲಿಟ್ಟು ಒಬ್ಬಳೇ ಹೊರಟಳು. ಗೇಟಿನಿಂದ ಅಂಗಡಿ, ಅಂಗಡಿಯಿಂದ ಏರುರಸ್ತೆಯಲ್ಲಿ ಸಿಮೆಂಟಿನ ನೀರಿನ ಟ್ಯಾಂಕಿನ ತನಕ, ಅಲ್ಲಿಂದ ವಾಪಸ್ಸು. ಒಟ್ಟು ಮೂರು ಮೈಲಿ.

ಅವಳಿಗೆ ಆಗ ಐವತ್ತಮೂರು ವರ್ಷ. ಹದಿನೇಳು ವರ್ಷದಿಂದ ಆ ಊರಿನ ಆರೋಗ್ಯ ಸಹಾಯಕಿ. ಮನೆ ಮನೆಗೆ ಹೋಗಿ ಕೂಸುಗಳನ್ನು ತೂಗುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು ಅವಳ ಕೆಲಸ. ನರ್ಸಿನ ಓದು ಓದಿದವಳಲ್ಲವಾದರೂ ಊರಿಗೆಲ್ಲ ನರ್ಸಮ್ಮ. ಮದುವೆಯಾಗಿರಲಿಲ್ಲ. ತಾಯಿ ಅಡಾಸಾಗೆ ಸಕ್ಕರೆ ಕಾಯಿಲೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲ ತನಕ ಕಾಲು. ಒಂಬತ್ತು ವರ್ಷ ಆಕೆಯನ್ನು ಎತ್ತಿ ಇಳಿಸಿ ನೋಡಿಕೊಂಡವಳು ಡೊರೆಟ್. ಊರಿನ ಕಾಲುಗಳನ್ನೆಲ್ಲ ತೊಳೆದು ಪಟ್ಟಿ ಕಟ್ಟುತ್ತ ತಾಯಿಯ ಕಾಲನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಮಾತು ಅವಳ ಹೊಟ್ಟೆಯೊಳಗೇ ಇತ್ತು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ರಜೆಯ ದಿನ ಎರಡು ಕೋಣೆಯ ಆ ಮನೆಯಲ್ಲಿ ಚಮಚ ಕೆಳಗಿಟ್ಟ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಹೀಗಾಗಿ ನಡಿಗೆಯ ಸುತ್ತೋಲೆ ಬಂದಾಗ ಊರಿನಲ್ಲಿ ನಿಜವಾಗಿ ಹಿಗ್ಗಿದವಳು ಅವಳೊಬ್ಬಳೇ.

ಅಂಗಡಿಯ ಜಗಲಿಯಲ್ಲಿ ಮೂರ್ನಾಲ್ಕು ಗಂಡಸರು ಕಾಫಿ ಕುಡಿಯುತ್ತ ಕೂತಿದ್ದರು.

“ಏನ್ ನರ್ಸಮ್ಮ, ಏನಾದ್ರೂ ಕಳ್ಕೊಂಡು ಹುಡುಕ್ತಿದೀರಾ?”

“ಸೀಟಿ ನೋಡಿದ್ರೆ ಪೊಲೀಸು, ಶರ್ಟ್ ನೋಡಿದ್ರೆ ಎಳೇ ಬಾಳೆಕಾಯಿ!”

ಡೊರೆಟ್ ನಕ್ಕಳು. “ನೀವೂ ಬನ್ರಪ್ಪ, ಟ್ಯಾಂಕ್ ತನಕ ಹೋಗಿ ಬರೋಣ. ಶರ್ಟ್ ಪುಕ್ಕಟೆ.”

ಅಂಗಡಿಯ ಮಿಸ್ ಬರ್ಡಿ ಕಿಟಕಿಯಿಂದಲೇ ತಲೆ ಹೊರಹಾಕಿದಳು. “ಅಲ್ಲ ನರ್ಸಮ್ಮ, ನಮ್ ಗಂಡಸ್ರು ಗೆಡ್ಡೆ ತೋಟಕ್ಕೆ ದಿನಾ ನಾಲ್ಕ್ ಮೈಲಿ ಏರಿ ನಾಲ್ಕ್ ಮೈಲಿ ಇಳೀತಾರೆ. ಅವರಿಗೆ ಇನ್ನೂ ನಡೀರಿ ಅಂತೀರಲ್ಲ, ನಿಮ್ ಸರ್ಕಾರಕ್ಕೆ ಬುದ್ಧಿ ಇದ್ಯಾ? ಕಾರಲ್ಲಿ ಓಡಾಡ್ತಾರಲ್ಲ, ಅವರು ನಡೀಲಿ.”

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹಾಗೆಂದ ಮಿಸ್ ಬರ್ಡಿ ಮಾತ್ರ ಬೆಳಗಿಂದ ಸಂಜೆ ತನಕ ಅಂಗಡಿಯ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಆಕೆಯ ಬಿಪಿ ಎಷ್ಟೆಂಬುದು ಆ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಡೊರೆಟ್ ಏರು ಹತ್ತಿದಳು. ವಾಪಸ್ಸು ಬಂದು ಹಾಜರಿಯ ಫಾರಮ್ಮಿನಲ್ಲಿ ತನ್ನ ಹೆಸರು ಬರೆದು, ಕೆಳಗೆ ಒಟ್ಟು ಎಂಬ ಜಾಗದಲ್ಲಿ ಒಂದು ಎಂದು ತುಂಬಿದಳು. ಮರುವಾರವೂ ಒಂದು. ಅದರ ಮರುವಾರವೂ.

ಮೂರನೆಯ ವಾರ ವಿಟ್ಟರ್ ಫೋನು ಮಾಡಿದ.

“ಮಿಸ್ ಪಿನಕ್, ಫಾರಮ್ಮಲ್ಲಿ ಒಂದು ಅಂತ ಬರ್ದಿದೀರ. ಸೊನ್ನೆ ಹಾಕೋದು ಮರ್ತ್ರಾ?”

“ಇಲ್ಲ ಸರ್, ಒಂದೇ.”

“ಯಾರದು?”

“ನಾನೇ ಸರ್.”

ವಿಟ್ಟರ್ ದನಿ ತಗ್ಗಿಸಿದ. “ಬೇರೆ ಕಡೆಯಿಂದೆಲ್ಲ ಮೂವತ್ತು, ಮೂವತ್ತೈದು ಬರ್ತಿದೆ. ಸ್ವಲ್ಪ ನೋಡ್ಕೊಂಡು ಬರೀರಿ.”

“ನೋಡ್ಕೊಂಡೇ ಬರ್ದಿದೀನಿ ಸರ್. ಹಿಂದೆ ತಿರುಗಿ ನೋಡ್ದೆ, ಯಾರೂ ಇರ್ಲಿಲ್ಲ.”

ವಿಟ್ಟರ್ ಕೆಟ್ಟವನೇನಲ್ಲ. ಮೇಲಿನವರಿಗೆ ಅವನೂ ಲೆಕ್ಕ ಒಪ್ಪಿಸಬೇಕಿತ್ತು. ಅವನೇ ಓಡಾಡಿ ಮೌಂಟ್ ಪೇಷನ್ಸಿಗೆ ಒಂದು ದೊಡ್ಡ ನಡಿಗೆಯನ್ನು ಮಂಜೂರು ಮಾಡಿಸಿದ. ಒಂದು ಬುಧವಾರ ರಾಜಧಾನಿಯಿಂದ ಗಣ್ಯರು ಬಂದರು. ಆಳೆತ್ತರದ ಸ್ಪೀಕರುಗಳು ಬಂದವು, ಇನ್ನೂರು ಶರ್ಟುಗಳು ಬಂದವು, ಕೋಳಿ ಮತ್ತು ಅನ್ನದ ಊಟದ ಡಬ್ಬಿಗಳು ವ್ಯಾನಿನಲ್ಲಿ ಬಂದವು. ಇಡೀ ಊರು ಬಂತು. ಅಡ್ವೆಂಟಿಸ್ಟರು ಬಂದರು, ಸಂತೆಯವರು ಬಂದರು, ಮಿಸ್ ಬರ್ಡಿಯೂ ಅಂಗಡಿಗೆ ಬೀಗ ಹಾಕಿ ಬಂದಳು. ಶಾಲೆಯ ಗೇಟಿನಿಂದ ಅಂಗಡಿಯ ತನಕ ಕಾಲು ಮೈಲಿ ಇಳಿಜಾರು. ಅಷ್ಟನ್ನು ಎಲ್ಲರೂ ಕುಣಿಯುತ್ತ ನಡೆದರು. ಏರುರಸ್ತೆ ಶುರುವಾಗುವಲ್ಲಿ ಭಾಷಣ, ಅಲ್ಲೇ ಊಟ. ಎಣಿಸಿದವರು ಇನ್ನೂರ ಹದಿನಾರು ಎಂದರು. ಫೋಟೋ ಪತ್ರಿಕೆಯಲ್ಲೂ ಬಂತು. ಮುಂದಿನ ಸಾಲಿನಲ್ಲಿ ಬ್ಯಾನರು ಹಿಡಿದ ಡೊರೆಟ್‌ಳ ಬೆರಳುಗಳು ಮಾತ್ರ ಚಿತ್ರದಲ್ಲಿದ್ದವು, ಅವಳು ಅಂಚಿನಾಚೆ ಉಳಿದಿದ್ದಳು. ಆದರೂ ಆ ಪುಟವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಆ ಶನಿವಾರಕ್ಕೆ ಅವಳು ಆಸೆ ಇಟ್ಟುಕೊಂಡಿದ್ದಳು. ಇಪ್ಪತ್ತು ಜನ ಬೇಡ, ಐದು ಜನ ಬಂದರೂ ಸಾಕು ಎಂದುಕೊಂಡು ದೊಡ್ಡ ಫ್ಲಾಸ್ಕಿನಲ್ಲಿ ಪುದೀನ ಚಹಾ ತುಂಬಿಸಿಕೊಂಡು ಹೋದಳು. ಆರಕ್ಕೆ ಊದಿದಳು, ಆರೂಕಾಲಿಗೆ ಊದಿದಳು. ಆಮೇಲೆ ಫ್ಲಾಸ್ಕನ್ನು ಬಗಲಿಗೆ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಎಳೆಹಸಿರು ಶರ್ಟುಗಳೇ. ಬಟ್ಟೆ ಒಣಹಾಕಿದ ಹಗ್ಗದ ಮೇಲೆ ‘ಒಟ್ಟಿಗೆ ನಡೆಯೋಣ’, ತೋಟದಲ್ಲಿ ಬೆದರುಬೊಂಬೆಯ ಎದೆಯ ಮೇಲೆ ‘ಒಟ್ಟಿಗೆ ನಡೆಯೋಣ’, ಜಗಲಿಯಲ್ಲಿ ಅಂಬೆಗಾಲಿಡುವ ಕೂಸಿಗೆ ಪಾದ ಮುಚ್ಚುವ ನಿಲುವಂಗಿಯಾಗಿ ಅದೇ. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಒಂದು ಲೋಟ ಚಹಾ ಕುಡಿದಳು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಇನ್ನೂ ಎರಡು ಲೋಟ ಕುಡಿದಳು. ಲೋಟ ಒರೆಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಎದ್ದಳು.

ಆರನೆಯ ಶನಿವಾರ ಏರಿನ ಅರ್ಧಕ್ಕೆ ಬಂದಿದ್ದಾಗ ಹಿಂದೆ ಕೋಲಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಾಸ್ ಲಿನ್ವಲ್. ಹೆಂಗಸರಿಗೆ ಮಿಸ್ ಎನ್ನುವಂತೆ ಆ ಊರಿನಲ್ಲಿ ಹಿರಿಯ ಗಂಡಸರಿಗೆ ಮಾಸ್ ಎನ್ನುತ್ತಾರೆ. ಎಪ್ಪತ್ತನಾಲ್ಕರ ಮುದುಕ, ಕೆಳಗಿನ ತಿರುವಿನ ಮನೆಯವನು. ಅವನ ಹೆಂಡತಿ ಮಿಸ್ ಐವಿ ಸಭೆಯಲ್ಲಿ ಎದ್ದು ನಿಂತು ಹಾಡುತ್ತಿದ್ದವಳು. ಅವನಿಗೆ ದೇವರು ಸಭೆ ಎಂದರೆ ಅಷ್ಟಕ್ಕಷ್ಟೆ. ಆದರೂ ನಲವತ್ತು ವರ್ಷ ಪ್ರತಿ ಶನಿವಾರ ಅವಳ ಜೊತೆ ಇದೇ ಏರು ಹತ್ತಿ, ಅವಳನ್ನು ಸಭೆಯ ಬಾಗಿಲಿಗೆ ಬಿಟ್ಟು, ಹೊರಗೆ ಮರದಡಿ ಕಾದಿದ್ದು ಕರೆತರುತ್ತಿದ್ದ. ಐವಿ ತೀರಿಕೊಂಡು ಎಂಟು ತಿಂಗಳಾಗಿತ್ತು.

“ನಡೆಯೋಕೆ ಬಂದ್ರಾ ಮಾಸ್ ಲಿನ್ವಲ್?” ಡೊರೆಟ್ ಆಸೆಯಿಂದ ಕೇಳಿದಳು.

“ನಿನ್ ಸರ್ಕಾರದ ಹಿಂದೆ ನಡೆಯೋನಲ್ಲ ನಾನು. ನನ್ ದಾರೀನೂ ಇದೇ, ಹೋಗ್ತಿದೀನಿ ಅಷ್ಟೆ.”

“ಹೆಸ್ರು ಬರ್ಕೊಳ್ಳಲಾ?”

“ಬರೆದ್ಯೋ, ಮನೆಗೆ ವಾಪಸ್ ಹೋಗ್ತೀನಿ ನೋಡು.”

ಅವಳು ಬರೆಯಲಿಲ್ಲ. ಅವನು ಅವಳಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಡೆದ. ಅವಳು ನಿಧಾನ ಮಾಡಿದರೆ ಅವನೂ ನಿಧಾನ ಮಾಡಿದ, ಅವಳು ನಿಂತರೆ ಬೇಲಿಯ ಹೂವು ನೋಡುವವನಂತೆ ನಿಂತ. ಟ್ಯಾಂಕಿನ ಬಳಿ ಅವಳು ಕಟ್ಟೆಯ ಈ ತುದಿಯಲ್ಲಿ ಕೂತರೆ ಅವನು ಆ ತುದಿಯಲ್ಲಿ. ಮರುವಾರವೂ ಬಂದ. ಫಾರಮ್ಮಿನಲ್ಲಿ ಒಂದು ಎಂದೇ ಹೋಯಿತು. ಸುಳ್ಳು ಬರೆಯುತ್ತಿದ್ದೇನೋ ನಿಜ ಬರೆಯುತ್ತಿದ್ದೇನೋ ಎಂದು ಅವಳಿಗೆ ಪೆನ್ನು ಹಿಡಿದಾಗಲೆಲ್ಲ ಅನುಮಾನವಾಗುತ್ತಿತ್ತು.

ಹನ್ನೆರಡು ವಾರವಾದ ಮೇಲೆ ಪಟ್ಟಣದಿಂದ ಕಾಗದ ಬಂತು. ಹಾಜರಿ ಸಾಲದ್ದರಿಂದ ಮೌಂಟ್ ಪೇಷನ್ಸಿನ ನಡಿಗೆ ಕೇಂದ್ರವನ್ನು ಮುಚ್ಚಲಾಗಿದೆ. ಉಳಿದ ಶರ್ಟು, ಬ್ಯಾನರು, ಸೀಟಿಯನ್ನು ಹಿಂದಿರುಗಿಸತಕ್ಕದ್ದು. ಡೊರೆಟ್ ಶರ್ಟುಗಳನ್ನು ಮಡಿಸಿದಳು, ಬ್ಯಾನರನ್ನು ಒಗೆದು ಸುತ್ತಿದಳು, ಸೀಟಿಯನ್ನು ಬಿಸಿನೀರಿನಲ್ಲಿ ತೊಳೆದು ಕಾಗದದಲ್ಲಿ ಕಟ್ಟಿದಳು, ಎಲ್ಲವನ್ನೂ ಮಿನಿಬಸ್ಸಿನಲ್ಲಿ ಕಳಿಸಿಕೊಟ್ಟಳು.

ಆ ಶನಿವಾರ ಅವಳು ಹೊರಡಲಿಲ್ಲ. ಆರೂಮುಕ್ಕಾಲಿಗೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಾಗ ರಸ್ತೆಯಿಂದ ಕೂಗು ಕೇಳಿಸಿತು.

“ಏಯ್ ನರ್ಸಮ್ಮಾ! ಹುಷಾರಿಲ್ವಾ?”

ಅವಳು ಬಾಗಿಲಿಗೆ ಬಂದಳು. “ಹುಷಾರಾಗಿದೀನಿ ಮಾಸ್ ಲಿನ್ವಲ್. ಕಾರ್ಯಕ್ರಮ ಮುಗೀತು. ನಿಲ್ಲಿಸ್ಬಿಟ್ರು.”

“ಯಾವ ಕಾರ್ಯಕ್ರಮ?”

“ಅದೇ, ನಡಿಗೆ.”

“ಅದನ್ನ ನಿಲ್ಸೋಕೆ ಅವರ್ಯಾರು? ರಸ್ತೆ ಕಿತ್ಕೊಂಡು ಹೋದ್ರಾ?” ಮುದುಕ ಕೋಲಿನಿಂದ ನೆಲ ಕುಟ್ಟಿದ. “ಬಿಸ್ಲು ಏರ್ತಾ ಇದೆ, ಬೇಗ ಬಾ. ಕೂತ್ಕೊಂಡ್ರೆ ನನ್ ಮೊಣಕಾಲು ಹಿಡ್ಕೊಳ್ಳತ್ತೆ.”

ಅವಳು ಶೂ ಹಾಕಿಕೊಂಡು ಬಂದಳು. ಅಂದಿನಿಂದ ಅವರು ವರ್ಷಕ್ಕೂ ಹೆಚ್ಚು ಕಾಲ ಶನಿವಾರ ಶನಿವಾರ ನಡೆದರು. ಮಾತು ಹೆಚ್ಚೇನಿಲ್ಲ. ಅವನು ಹಿಂದಿನಿಂದಲೇ ಒಂದೊಂದು ಮಾತು ಎಸೆಯುತ್ತಿದ್ದ: ಈ ಮರ ಚಂಡಮಾರುತದಲ್ಲಿ ಬಿದ್ದು ಮತ್ತೆ ಎದ್ದದ್ದು, ಈ ತಿರುವಿನಲ್ಲಿ ಐವಿ ಒಮ್ಮೆ ನನ್ನ ಮೇಲೆ ಮುನಿಸಿಕೊಂಡು ಕೂತುಬಿಟ್ಟಿದ್ದಳು. ಡೊರೆಟ್ ಮುಂದೆ ನೋಡುತ್ತಲೇ ಹೂಂ ಎನ್ನುತ್ತಿದ್ದಳು. ಒಂದು ದಿನ ಅವಳೂ ತಾಯಿಯ ಕಾಲಿನ ಮಾತು ಆಡಿದಳು. ಯಾರಿಗೂ ಹೇಳಿದ್ದಲ್ಲ ಅದು. ಅವನ ಮುಖ ಕಾಣದ್ದರಿಂದ ಹೇಳುವುದು ಸುಲಭವಾಯಿತು. ಹೇಳಿ ಮುಗಿದ ಮೇಲೆ ಅವನು ಸಮಾಧಾನ ಹೇಳಲಿಲ್ಲ. “ಅಡಾಸಾ ಹಠಮಾರಿ. ಸಕ್ರೆ ಬಿಡು ಅಂದ್ರೆ ನನಗೇ ಬೈತಿದ್ಲು,” ಎಂದಷ್ಟೇ ಅಂದ. ಅಂದು ಟ್ಯಾಂಕಿನ ಕಟ್ಟೆಯ ಮೇಲೆ ಅವಳಿಗೆ ಯಾಕೋ ನಗು ಬಂತು.

ಆಮೇಲೆ ಅವನ ಕಣ್ಣು ಮಂಜಾಗತೊಡಗಿತು. ಮೊದಲು ಹತ್ತು ಹೆಜ್ಜೆಯಿದ್ದದ್ದು ಐದಾಯಿತು, ಎರಡಾಯಿತು. ಒಂದು ದಿನ ಗುಂಡಿಯೊಂದನ್ನು ಕಾಣದೆ ಮುಗ್ಗರಿಸಿದವನು ಬಂದು ಅವಳ ಪಕ್ಕದಲ್ಲಿ ನಡೆದ. ಆ ದಿನಗಳು ಹೆಚ್ಚು ಬಾಳಲಿಲ್ಲ. ಮಾರ್ಚಿನಲ್ಲಿ ಸ್ಪಾಲ್ಡಿಂಗ್ಸ್ ಊರಿನಿಂದ ಅವನ ತಂಗಿ ಬಂದು, ಒಬ್ಬನೇ ಒಲೆ ಹಚ್ಚಿಕೊಂಡು ಮನೆಗೆ ಬೆಂಕಿ ಇಟ್ಟುಕೊಳ್ಳುತ್ತೀಯ ಎಂದು ಜಗಳವಾಡಿ, ತನ್ನ ಮನೆಗೆ ಕರೆದುಕೊಂಡು ಹೋಗಲು ತಯಾರಾದಳು. ಡೊರೆಟ್ ಅವನ ಚೀಲ ಹಿಡಿದು ಮಿನಿಬಸ್ಸಿನ ತನಕ ಹೋದಳು. ಕಿಟಕಿಯ ಪಕ್ಕ ಕೂತವನು ಅವಳಿರುವ ಕಡೆಗೆ ಮುಖ ಮಾಡಿ ಹೇಳಿದ:

“ಟ್ಯಾಂಕಿನ ಕೆಳಗಿನ ತಿರುವಲ್ಲಿ ಗುಡ್ಡದ ಕಡೆಗೇ ನಡಿ. ಲಾರಿಯವ್ರು ನೋಡಲ್ಲ.”

“ಹೂಂ.”

“ನೀನು ಹೂಂ ಅಂತೀಯ, ಆಮೇಲೆ ನಡುರಸ್ತೇಲೇ ನಡೀತೀಯ.”

ಬಸ್ಸು ಹೊರಟಿತು.

ಮುಂದಿನ ಶನಿವಾರ ಅವಳು ಎಂದಿನಂತೆ ಹೊರಟಳು. ಅಂಗಡಿ ದಾಟುವಾಗ ಮಿಸ್ ಬರ್ಡಿ ತಕ್ಕಡಿ ಒರೆಸುತ್ತಿದ್ದವಳು ಕೈ ನಿಲ್ಲಿಸಿ, “ಮುದುಕ ಇಲ್ದೆ ಬೇಜಾರಾಗತ್ತೆ ಅಲ್ವಾ ನರ್ಸಮ್ಮ?” ಎಂದಳು. ತಮಾಷೆ ಇರಲಿಲ್ಲ ಆ ಮಾತಿನಲ್ಲಿ. ಡೊರೆಟ್ ಕಿಟಕಿಯ ಹತ್ತಿರ ಬಂದಳು. “ಮಂಗಳವಾರ ಬಂದು ನಿಮ್ ಬಿಪಿ ನೋಡ್ತೀನಿ, ಮನೇಲಿರಿ,” ಎಂದು ಮುಂದೆ ನಡೆದಳು.

ಏರಿನಲ್ಲಿ ಸಭೆಯ ಹಾಡು ಕೇಳಿಸುತ್ತಿತ್ತು. ರಾತ್ರಿ ಮಳೆ ಬಂದು ಕೆಂಪು ಮಣ್ಣು ರಸ್ತೆಗೆ ಹರಿದಿತ್ತು. ಕೆಸರು ತಪ್ಪಿಸಿಕೊಳ್ಳುತ್ತ ನಡೆದವಳು ಟ್ಯಾಂಕಿನ ಕೆಳಗಿನ ತಿರುವಿನಲ್ಲಿ ಮಾತ್ರ ಗುಡ್ಡದ ಕಡೆಯ ಕೆಸರಿನಲ್ಲೇ ನಡೆದು, ಟ್ಯಾಂಕು ಮುಟ್ಟಿ, ಕೂರದೆ ಹಾಗೇ ತಿರುಗಿದಳು. ಮನೆಗೆ ಬಂದಾಗ ಎಂಟಾಗಿತ್ತು. ಒಲೆಯ ಮೇಲೆ ನೀರಿಟ್ಟು, ಅದು ಕಾಯುವ ತನಕ ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದು ಕಡ್ಡಿಯಿಂದ ಶೂಗಳ ಅಡಿಗೆ ಅಂಟಿದ ಮಣ್ಣನ್ನು ಗೀರಿ ಗೀರಿ ತೆಗೆದಳು. ಆಮೇಲೆ ಅವನ್ನು ಒಂದರ ಪಕ್ಕ ಒಂದಿಟ್ಟು ಬಿಸಿಲಿಗೆ ಒಣಹಾಕಿ ಒಳಗೆ ಹೋದಳು.