ಗಂಗುಲಪ್ಪನ ಸೈಲೆನ್ಸರ್

ಎಂಬತ್ತೊಂದನೇ ಇಸವಿಯಿಂದೀಚೆ ವರ್ಷಕ್ಕೊಂದು ಸಲ ಯಲ್ದೂರಿನ ಗಂಗುಲಪ್ಪ ತನ್ನ ಹಳೇ ಜೀಪಿಗೆ ಹೊಸ ಸೈಲೆನ್ಸರ್ ಆರಿಸಲು ಶ್ರೀನಿವಾಸಪುರದ ಮೆಕ್ಯಾನಿಕ್ ಮುನಿಯಲ್ಲಪ್ಪನ ಶೆಡ್ಡಿಗೆ ಬರುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವವನಂತೆ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಒಳಗೆ ಇಣುಕಿ, ಕೊನೆಗೆ ಮೂಸಿಯೂ ನೋಡುತ್ತಾನೆ. ಜೀಪಿಗೆ ಹಾಕಿಸಿ, ಎಂಜಿನ್ ಶುರು ಮಾಡಿಸಿ, ತಾನು ದೂರದ ಹುಣಸೆಮರದವರೆಗೆ ನಡೆದುಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. "ಇದು ಬರೀ ಗೊಣಗ್ತದೆ ಕಣೋ, ಕೂಗೋದು ಕೊಡು!" "ಊರೆಲ್ಲ ಬೈಯಲ್ವೇನಣ್ಣಾ?" ಎಂದು ಮುನಿಯಲ್ಲಪ್ಪ ಕೇಳಿದರೆ, "ಬೈಯ್ಲಿ ಬಿಡು," ಅನ್ನುತ್ತಾನೆ. ಇದೆಂಥ ಹುಚ್ಚೆಂದು ತಿಳಿಯದೆ ಮುನಿಯಲ್ಲಪ್ಪ ಈ ಸಲ ಅವನ ಜೊತೆ ಊಟಕ್ಕೇ ಹೊರಟ. ಕೆರೆ ಕಟ್ಟೆಯ ಮೇಲೆ ಜೀಪಿನ ಸದ್ದು ಕೇಳಿದ ಮೇಲೆಯೇ ಹೆಂಡತಿ ಆಂಜಿನಮ್ಮ ಎಸರಿಗೆ ರಾಗಿಹಿಟ್ಟು ಹಾಕುವುದು, ಗಂಡ ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ಮುದ್ದೆ ಬಡಿಸುವುದು ಆ ಮನೆಯ ರೂಢಿ. ಅವತ್ತು ಜೀಪು ಊರು ನಡುಗಿಸುತ್ತ ಬಂದು ಬಾಗಿಲಲ್ಲಿ ನಿಂತರೂ ಎಸರು ಬರಿದೇ ಕುದಿಯುತ್ತಿತ್ತು. ಆಂಜಿನಮ್ಮ ಬಾಗಿಲಿಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದಳು. ಗಂಗುಲಪ್ಪ ಭುಜ ಮುಟ್ಟಿದಾಗ ಬೆಚ್ಚಿ ತಿರುಗಿ, "ಅಯ್ಯೋ, ಸದ್ದೇ ಕೇಳಲಿಲ್ವಲ್ಲಾ!" ಅಂದಳು. "ನಿಂದೇನೂ ತಪ್ಪಿಲ್ಲ ಕಣೇ," ಎಂದು ಅವನು ಅವಳ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದ, "ಇವನು ಕೊಡೋ ಸೈಲೆನ್ಸರೇ ಸರಿಯಿಲ್ಲ." ಮುನಿಯಲ್ಲಪ್ಪನೂ ಅಷ್ಟೇ ಜೋರಾಗಿ ಒಪ್ಪಿಕೊಂಡ: "ಹೌದಕ್ಕಾ, ನಂದೇ ತಪ್ಪು."