ಷಡ್ಡಕನ ಮಣಿಕಟ್ಟು

ಮಿತಭಾಷಿ, ಹಗುರಗೈಯವನು, ಕೊಟ್ಟ ಮಾತಿಗೆ ತಪ್ಪದವನು, ಬಾಗಿಲಿಗೆ ಬಂದ ವೃದ್ಧರಿಗೆ ಮೊದಲು ಆಸನವಿತ್ತು ಆಮೇಲೆ ಕುಶಲ ಕೇಳುವವನು, ಅಳುವ ಮಗುವನ್ನು ನಗಿಸುತ್ತಲೇ ತಲೆ ಬೋಳಿಸಬಲ್ಲವನು, ದೇವರನ್ನು ನೆನೆಯದೆ ಕತ್ತಿ ಮುಟ್ಟದವನು. ಇಂತಪ್ಪ ಸದ್ಗುಣಗಳಿಗೆ ನೆಲೆಯಾಗಿದ್ದ ಆ ಕ್ಷೌರಿಕನನ್ನು ಬೀದಿಯವರೆಲ್ಲ ನುಣುಪಣ್ಣನೆಂದು ಕರೆಯುತ್ತಿದ್ದರು. ಆದರೆ ಆರಿಸಿದ ಅಕ್ಕಿಯಲ್ಲೂ ಉಳಿದ ಕಲ್ಲಿನಂತೆ ಅವನೊಳಗೆ ಹೊಟ್ಟೆಕಿಚ್ಚೊಂದು ಉಳಿದಿತ್ತು. ಅದಕ್ಕೆ ಕಾರಣ ಅವನ ಷಡ್ಡಕ.

ಹೆಂಡತಿಯ ತಂಗಿಯನ್ನು ಕೈಹಿಡಿದ ಈ ಷಡ್ಡಕನು ಬಸ್ಸಿನ ಕಂಡಕ್ಟರು. ಉದ್ದನೆಯ ಹಲಗೆಯ ಮೇಲೆ ಚೆಂಡುರುಳಿಸಿ, ತುದಿಯಲ್ಲಿ ನಿಂತ ಪಿನ್ನೆಂಬ ಗೂಟಗಳನ್ನು ಕೆಡವುವ ಬೌಲಿಂಗ್ ಆಟಕ್ಕೆ ಅವನನ್ನು ಕರೆತಂದವನು ನುಣುಪಣ್ಣನೇ. ತಾನೇ ಬಾವಿ ತೋಡಿ ತಾನೇ ಬಿದ್ದಂತಾಯಿತು. ಷಡ್ಡಕನು ಬಿಟ್ಟ ಚೆಂಡು ಹಲಗೆಯ ಬಲ ಅಂಚಿನಲ್ಲಿ ಹೊರಟು, ಕೊನೆಯಲ್ಲಿ ಮನಸ್ಸು ಬದಲಿಸಿದಂತೆ ಎಡಕ್ಕೆ ಹೊರಳಿ ಹತ್ತೂ ಪಿನ್ನುಗಳನ್ನು ಮಲಗಿಸುತ್ತಿತ್ತು. ನುಣುಪಣ್ಣನ ಚೆಂಡಾದರೋ, ಅವನ ಹೆಂಡತಿ ಹೇಳಿ ನಗುತ್ತಿದ್ದಂತೆ, ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ನೆಟ್ಟಗೆ ನಡೆಯುತ್ತಿತ್ತು.

ಹೀಗಿರಲು, ಆಟದ ತಂಡದಲ್ಲಿ ಒಂದು ಜಾಗ ತೆರವಾಯಿತು. ಒಂದು ಸಂಜೆ ಇವರಿಬ್ಬರೂ ಆಡಿ, ಗೆದ್ದವನು ಮರುದಿನದ ಪಂದ್ಯಕ್ಕೆ ಹೋಗತಕ್ಕದ್ದೆಂದು ತಂಡದ ನಾಯಕನು ಗೊತ್ತುಮಾಡಿದನು. ಆ ವಾರವೆಲ್ಲ ನುಣುಪಣ್ಣನು ಅಂಗಡಿಯ ಕನ್ನಡಿಯ ಮುಂದೆ ನಿಂತು ಷಡ್ಡಕನ ಕೈಯನ್ನು ಕದ್ದು ಕಲಿತನು: ಅಂಗೈ ಚೆಂಡಿನ ಪಕ್ಕಕ್ಕೆ, ಮೊದಲು ಹೆಬ್ಬೆರಳು ಹೊರಗೆ, ಬಳಿಕ ಉಳಿದ ಬೆರಳುಗಳು ಚೆಂಡನ್ನು ಪಕ್ಕದಿಂದ ಮೇಲಕ್ಕೆತ್ತಿ ತಿರುಗಿಸುವುದು.

ಆ ಸಂಜೆ ಹಲಗೆಗೆ ಆಗತಾನೆ ಎಣ್ಣೆ ಹಚ್ಚಿದ್ದರು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಕದ್ದ ಕೈ ಫಲಿಸಿತು. ಅರ್ಧ ಆಟ ಕಳೆಯುವವರೆಗೆ ಇಬ್ಬರೂ ಸಮಸಮ. ಆದರೆ ಉರುಳಿದ ಚೆಂಡುಗಳು ಎಣ್ಣೆಯನ್ನು ಹೊತ್ತೊಯ್ಯುತ್ತ ಬಂದಂತೆ ಹೊಳಪು ಮಾಸಿತು. ಷಡ್ಡಕನು ಸದ್ದಿಲ್ಲದೆ ಅಂಗೈಯನ್ನು ಪಕ್ಕದಿಂದ ಚೆಂಡಿನ ಹಿಂದಕ್ಕೆ ತಂದು, ತಿರುಗಿಸದೆ ಮೆಲ್ಲನೆ ಬಿಟ್ಟನು.

‘ಗುಟ್ಟು ಬಚ್ಚಿಡುತ್ತಿದ್ದಾನೆ’ ಎಂದುಕೊಂಡ ನುಣುಪಣ್ಣನು ಮಣಿಕಟ್ಟನ್ನು ಇನ್ನಷ್ಟು ತಿರುಚಿದನು. ಒಣ ಹಲಗೆಯನ್ನು ಕಚ್ಚಿದ ಚೆಂಡು ಹೊತ್ತಿಗೆ ಮುಂಚೆಯೇ ಹೊರಳಿ, ಮುಂಚೂಣಿಯ ಪಿನ್ನನ್ನು ದಾಟಿ, ಎಡದ ಮೂಲೆಯ ಮೂರನ್ನು ಮಾತ್ರ ಕೆಡವಿತು. ಮರು ಸರದಿಯಲ್ಲೂ ಹಾಗೆಯೇ.

“ಅಣ್ಣಾ, ಎಣ್ಣೆ ಆರಿಹೋಗಿದೆ. ಕೈ ಹಿಂದೆ ತಗೊಳ್ಳಿ,” ಎಂದನು ಷಡ್ಡಕ.

“ಬಸ್ಸಲ್ಲಿ ಹಿಂದೆ ಹೋಗಿ, ಹಿಂದೆ ಹೋಗಿ ಅಂತ ಕೂಗಿ ಕೂಗಿ ಅದೇ ಬಾಯಿಪಾಠ ಆಗಿದೆ ನಿಂಗೆ!”

ಬೆಂಚಿನ ಮೇಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. “ರೀ, ಸೋಪು ಆರಿದ ಗಲ್ಲದ ಮೇಲೂ ಕತ್ತೀನ ಹೀಗೇ ಎಳೀತೀರಾ?”

ನುಣುಪಣ್ಣನ ಕೈ ಗಾಳಿಯಲ್ಲೇ ನಿಂತಿತು. ನೊರೆ ಆರಿದರೆ ಕತ್ತಿಯನ್ನು ಓರೆಮಾಡಿ ಹಗುರಾಗಿಸುವುದನ್ನು ಆ ಕೈಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಇಷ್ಟು ಹೊತ್ತೂ ತಾನು ನೋಡಿದ್ದು ಷಡ್ಡಕನ ಮಣಿಕಟ್ಟನ್ನು. ಹಲಗೆಯನ್ನು ಒಮ್ಮೆಯೂ ಅಲ್ಲ. ಅವನು ಅಂಗೈಯನ್ನು ಹಿಂದಕ್ಕೆ ತಂದು ಚೆಂಡನ್ನು ಬಿಟ್ಟನು. ಹತ್ತೂ ಬಿದ್ದವು.

ಆದರೆ ಅದು ಕೊನೆಯ ಸರದಿ. ಜಾಗ ಷಡ್ಡಕನ ಪಾಲಾಯಿತು.

ಮರುದಿನ ಬೆಳಗ್ಗೆ ಪಂದ್ಯಕ್ಕೆ ಹೊರಟ ಷಡ್ಡಕನು ನೇರವಾಗಿ ಕ್ಷೌರದಂಗಡಿಗೆ ಬಂದು, ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ ಕೊರಳು ಕೊಟ್ಟನು.

“ನನ್ ಹೊಟ್ಟೆ ಉರೀತಾ ಇದೆ ಕಣೋ. ಗೊತ್ತಿದ್ದೂ ಕತ್ತಿ ಕೆಳಗೆ ಬಂದು ಕೂತಿದೀಯಲ್ಲ!”

“ಹೊಟ್ಟೆ ನಿಮ್ದು ಉರೀಲಿ ಬಿಡಣ್ಣ. ಕೈ ಮಾತ್ರ ನಂಬಿದೀನಿ.”

ನುಣುಪಣ್ಣನು ನೊರೆ ಹಚ್ಚಿ, ದೇವರನ್ನು ನೆನೆದು ಕತ್ತಿ ಎತ್ತಿದನು. ಉರಿ ಆರಿರಲಿಲ್ಲ, ಆದರೂ ಆ ಕೊರಳ ಮೇಲೆ ಒಂದು ಗೀರೂ ಬೀಳಲಿಲ್ಲ. ಕೊನೆಗೆ ಟವೆಲ್ಲು ಕೊಡವುತ್ತ ಗೊಣಗಿದನು: “ಅಲ್ಲಿ ಹಲಗೆ ಬೇರೆ. ಮೊದಲು ನಾಲ್ಕು ಚೆಂಡು ಸುಮ್ನೆ ನೋಡು. ಸೋತು ಬಂದ್ರೆ ಮುಂದಿನ ಸಲ ಮೊಂಡು ಕತ್ತಿ.”

ಸಕಲರ ಕೈಗಳನ್ನೂ ನಡೆಸುವ ಭಗವಂತನು ಆ ಹಗುರಗೈಯನ್ನು ಕಾಯಲಿ. ಆ ಮನೆಯಾಕೆಯ ನಾಲಗೆ ಎಂದೂ ಮೊಂಡಾಗದಿರಲಿ. ಷಡ್ಡಕರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಮುಪ್ಪಾಗಲಿ. ಆ ಮನೆಯ ದೀಪ ಉರಿಯುತ್ತಿರಲಿ, ಹೊಟ್ಟೆಯ ಕಿಚ್ಚು ಮಾತ್ರ ತಣಿಯಲಿ.