ಅನುಮತಿ ಕೊಡುತ್ತಿದ್ದ ಜಡ್ಜ್

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದ ಮನೆಯ ಜಡ್ಜ್ ತೀರಿಕೊಂಡ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಸ್ವೀಡನ್ನಿನಲ್ಲಿ ಅವರು ದೊಡ್ಡ ನ್ಯಾಯಾಧೀಶರು. ದೇಶದ ಭದ್ರತೆಗಾಗಿ ಪೊಲೀಸರು ಯಾರ ಫೋನನ್ನು ಕದ್ದು ಕೇಳಬಹುದೆಂಬ ಕಾನೂನು ಬರೆದವರಲ್ಲಿ ಒಬ್ಬರು. ಆಮೇಲೆ ಅದಕ್ಕೆ ಅನುಮತಿ ಕೊಡುವ ಕುರ್ಚಿಯಲ್ಲೂ ಕೂತವರು. ನಿವೃತ್ತರಾಗಿ ಮಗಳಿಗೆ ಹತ್ತಿರವಿರಲೆಂದು ನಾವಿರುವ ಈಸ್ಟ್‌ಗೇಟ್ ಬಡಾವಣೆಗೆ ಬಂದಿದ್ದರು. ಏನು ಹೇಳಿದರೂ ಕನ್ನಡಕ ಒರೆಸುತ್ತ, "ಸಾಕಷ್ಟು ಕಾರಣ ಇದೆಯೇ?" ಎನ್ನುತ್ತಿದ್ದರು. ಒಬ್ಬಟ್ಟು ಕೊಟ್ಟಾಗಲೂ ಅದೇ ಪ್ರಶ್ನೆ. "ಹಬ್ಬ" ಎಂದೆ. "ಸಾಕು" ಎಂದು ಎರಡು ತೆಗೆದುಕೊಂಡರು.

ನಾವು ಬಾಗಿಲಿಗೆ ಕ್ಯಾಮೆರಾ ಹಾಕಿಸಿದ ದಿನ ಮುಖ ಕೆಂಪಗೆ ಮಾಡಿಕೊಂಡು ಬಂದರು. "ಅದಕ್ಕೆ ನಮ್ಮ ಜಗಲಿ ಕಾಣುತ್ತದೆ. ನನ್ನ ಹೆಂಡತಿ ಅಲ್ಲಿ ಕೂರುತ್ತಾಳೆ. ತಿರುಗಿಸಿ."

ಅವರು ಹೋದ ಮೇಲೆ ನನ್ನವರು, "ಊರೋರ್ ಫೋನೆಲ್ಲಾ ಕೇಳ್ಸಿದೋರಿಗೆ ನಮ್ ಕ್ಯಾಮೆರಾ ಕಂಡ್ರೆ ಭಯ ನೋಡೇ!" ಎಂದು ನಗುತ್ತಲೇ ತಿರುಗಿಸಿದರು.

ಆ ಹೆಂಡತಿಗೆ ಮರೆವಿನ ಕಾಯಿಲೆ. ಒಂದು ಮಧ್ಯಾಹ್ನ ಕಾಣೆಯಾದರು. ಜಡ್ಜ್ ಬರಿಗಾಲಲ್ಲಿ ಓಡಿಬಂದು, "ನಿಮ್ಮ ಕ್ಯಾಮೆರಾ ನೋಡಿ, ಯಾವ ಕಡೆ ಹೋದಳು?" ಎಂದರು. ಅದರಲ್ಲಿ ನಮ್ಮ ತುಳಸಿ ಕುಂಡವೊಂದೇ ಇತ್ತು, ಬಹಳ ಸ್ಪಷ್ಟವಾಗಿ. ಪುಣ್ಯಕ್ಕೆ, ಪಾತ್ರೆ ತೊಳೆಯುವಾಗ ಆಕೆ ಬಸ್ ಸ್ಟಾಪಿನತ್ತ ಹೋದದ್ದನ್ನು ಅಡುಗೆಮನೆ ಕಿಟಕಿಯಿಂದ ನಾನು ನೋಡಿದ್ದೆ. ಅಲ್ಲೇ ಸಿಕ್ಕರು.

ಹೆಂಡತಿಯ ಕೈ ಬಿಡದೆಯೇ ಜಡ್ಜ್ ಕೇಳಿದರು: "ನೀವು ದಿನಾ ಇವಳನ್ನು ನೋಡುತ್ತೀರಾ?"

"ಕಣ್ಣಿಗೆ ಬೀಳ್ತಾರೆ" ಎಂದೆ, ಅಳುಕುತ್ತ.

"ಅನುಮತಿ ಇದೆ" ಎಂದರು.

ಇವತ್ತೂ ಆಕೆ ಜಗಲಿಯಲ್ಲಿ ಕೂತಿದ್ದರು, ಒಬ್ಬರೇ. ಒಗೆದ ಬಟ್ಟೆಯ ಬುಟ್ಟಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಮಡಚತೊಡಗಿದೆ.